ಮನೆಯಲ್ಲಿ ಕೇಳಿ ಹೇಳುವವರು

ಹದಿನೈದು ವರ್ಷದ ಹಿಂದೆ, ಅಕ್ಕನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಅವನು ಒಂದು ಮಾತು ಕೊಟ್ಟಿದ್ದ.

"ನಾನಿರೋವರೆಗೂ ಭಾವನ ಕೈಯಿಂದ ಸ್ಪ್ಯಾನರ್ ಕೆಳಗೆ ಬೀಳಲ್ಲ ಅಕ್ಕ. ಬೇಕಾದ್ರೆ ಬರೆದು ಕೊಡ್ತೀನಿ."

"ಬರೆಯೋದು ಯಾಕೋ? ನಿನ್ನ ನಾಲಗೆ ಸಾಲದಾ?" ಅಂದಿದ್ದಳು ಅಕ್ಕ, ಕುಕ್ಕರಿನ ಮುಚ್ಚಳ ತಿರುಗಿಸುತ್ತಾ. ನಗುತ್ತಿದ್ದಳೋ ಇಲ್ಲವೋ, ಬೆನ್ನು ಮಾಡಿ ನಿಂತಿದ್ದರಿಂದ ಗೊತ್ತಾಗಲಿಲ್ಲ.

ಭಾವ ಆಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕಾಯಂ ಕೆಲಸ, ಕೊನೆಗೆ ಪಿಂಚಣಿ. ಅದನ್ನು ಬಿಡಿಸಿ, ಹೊಸದಾಗಿ ಬಾಗಿಲು ತೆರೆದ ಕಾರ್ ಶೋರೂಮಿನ ವರ್ಕ್‌ಶಾಪಿಗೆ ಕರೆತಂದವನು ಇವನೇ. ಹೊರದೇಶದ ಕಂಪನಿ, ದುಪ್ಪಟ್ಟು ಸಂಬಳ, ನೀಲಿ ಸಮವಸ್ತ್ರ. ಇವನು ಮೇಲೆ ಗಾಜಿನ ಹಾಲಿನಲ್ಲಿ ಕಾರು ಮಾರಿ ಮಾರಿ ಸೇಲ್ಸ್ ಮ್ಯಾನೇಜರ್ ಆದ. ಭಾವ ಕೆಳಗೆ ಎಣ್ಣೆಯಲ್ಲಿ ಕೈ ಅದ್ದಿಕೊಂಡು ಹೆಡ್ ಮೆಕ್ಯಾನಿಕ್ ಆದರು. ಇಬ್ಬರ ನಡುವೆ ಹದಿನೆಂಟು ಮೆಟ್ಟಿಲು. ಮಾರುವವನಿಗೆ ಆ ಮೆಟ್ಟಿಲು ಇಳಿಯುವ ಪ್ರಸಂಗ ವರ್ಷಕ್ಕೆರಡು ಸಲ ಬಂದರೆ ಹೆಚ್ಚು.

ಕಂಪನಿ ದೇಶ ಬಿಟ್ಟು ಹೋಗುತ್ತಿದೆ ಅನ್ನುವುದು ಅವನಿಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಒಬ್ಬ ಗ್ರಾಹಕನ ಬಾಯಿಂದ. "ಏನ್ರೀ, ನಿಮ್ಮ ಕಂಪನಿ ಗಂಟುಮೂಟೆ ಕಟ್ತಿದೆಯಂತೆ? ನನ್ನ ಅಡ್ವಾನ್ಸ್ ವಾಪಸ್ ಕೊಡಿ ಮತ್ತೆ." ಮಧ್ಯಾಹ್ನ ಕಂಪನಿಯ ಪತ್ರ ಬಂತು. ಅದರ ಪ್ರಕಾರ ಅದು 'ವ್ಯಾಪಾರದ ಮರುಜೋಡಣೆ'. ಕಾರು ತಯಾರಿಕೆ ನಿಲ್ಲುತ್ತದೆ, ಶೋರೂಮುಗಳು ಮುಚ್ಚುತ್ತವೆ. ಈಗಾಗಲೇ ರಸ್ತೆಯಲ್ಲಿರುವ ಕಾರುಗಳಿಗಾಗಿ ಪ್ರತಿ ವಲಯಕ್ಕೆ ಒಂದೇ ಒಂದು ವರ್ಕ್‌ಶಾಪನ್ನು ಹತ್ತು ವರ್ಷ ನಡೆಸಲಾಗುವುದು. ಯಾವುದು? ಉಳಿದ ಮೂರು ತಿಂಗಳಲ್ಲಿ ಯಾವ ಶೋರೂಮ್ ಹೆಚ್ಚು ಕಾರು ಮಾರುತ್ತದೋ ಅದರದ್ದು.

ಸಾಯುವವನಿಗೆ ಓಟದ ಪಂದ್ಯ ಇಟ್ಟ ಹಾಗೆ, ಅಂದುಕೊಂಡ.

ಅವನದೇನೂ ಚಿಂತೆಯಿಲ್ಲ. ಮಾರುವ ನಾಲಗೆ ಎಲ್ಲಿ ಬೇಕಾದರೂ ಬದುಕುತ್ತದೆ. ಕಾರಲ್ಲದಿದ್ದರೆ ಫ್ಲ್ಯಾಟು, ಫ್ಲ್ಯಾಟಲ್ಲದಿದ್ದರೆ ಮಂಚ. ಆದರೆ ಭಾವನಿಗೆ ಐವತ್ತಮೂರು. ಮಂಡಿ ಹೋಗಿದೆ. ಬಲಗೈಯ ಎರಡು ಬೆರಳಿನ ತುದಿ ಫ್ಯಾನ್ ಬೆಲ್ಟಿಗೆ ಹೋಗಿದೆ. ಹದಿನೈದು ವರ್ಷ ಈ ಒಂದು ಕಂಪನಿಯ ಎಂಜಿನ್ ಬಿಟ್ಟು ಬೇರೆಯದನ್ನು ಮುಟ್ಟಿಲ್ಲ. ಪಕ್ಕದ ರಸ್ತೆಯ ಎರಡು ಶೋರೂಮಿನಲ್ಲಿ ಗುಟ್ಟಾಗಿ ವಿಚಾರಿಸಿದ. ಎರಡೂ ಕಡೆ ಅದೇ ಉತ್ತರ: ಇಪ್ಪತ್ತೈದರ ಹುಡುಗರಿದ್ದರೆ ಕಳಿಸಿ.

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ದಿನಾ ಒಂದು ಫೋನ್ ಮಾಡುತ್ತಿದ್ದಳು, ಏನೋ ಒಂದು ನೆಪ.

"ನಿನ್ನ ಹಳೇ ಸ್ವೆಟರ್ ಇಲ್ಲೇ ಇದೆ ಕಣೋ, ಯಾವಾಗ ತಗೊಂಡು ಹೋಗ್ತೀಯ?"

"ಬರ್ತೀನಿ ಅಕ್ಕ."

"ಪೇಪರಲ್ಲಿ ಏನೋ ಬಂದಿದೆಯಂತೆ?"

"ಅದೆಲ್ಲ ದೊಡ್ಡವರ ಲೆಕ್ಕಾಚಾರ ಅಕ್ಕ. ನಮ್ಮ ವರ್ಕ್‌ಶಾಪ್ ಉಳಿಯುತ್ತೆ."

"ಹೂಂ. ನೀನು ಹೇಳಿದ್ಮೇಲೆ ಮುಗೀತು ಬಿಡು." ಅತ್ತ ಕಾಗದ ಮಡಚುವ ಸದ್ದು. "ಮಗಳ ಹಾಸ್ಟೆಲ್ ಫೀಸಿಗೆ ನೋಟಿಸ್ ಬಂತು. ಅದಕ್ಕೇ ಕೇಳಿದೆ ಅಷ್ಟೇ."

ಫೋನಿಟ್ಟ ಮೇಲೆ ಅವನು ಬಹಳ ಹೊತ್ತು ಶೋರೂಮಿನ ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತಾ ನಿಂತ. ಹೋಗುವ ಕಂಪನಿಯ ಕಾರನ್ನು ಯಾರು ಕೊಳ್ಳುತ್ತಾರೆ? ಮೊದಲ ತಿಂಗಳಲ್ಲಿ ಹೋದದ್ದು ಎರಡು, ಅದೂ ಅರ್ಧಕ್ಕರ್ಧ ರಿಯಾಯಿತಿಯಲ್ಲಿ. ವಲಯದ ಇನ್ನೊಂದು ದೊಡ್ಡ ಶೋರೂಮ್ ಅಷ್ಟರಲ್ಲೇ ಐದು ಮಾರಿತ್ತು. ಕೊಳ್ಳುವವರು ಇಲ್ಲದಿದ್ದರೆ ಏನಾಯಿತು, ಕೊಂಡವರನ್ನು ಹುಟ್ಟಿಸಬೇಕು.

ಶೋರೂಮಿನಲ್ಲಿ ಒಂದು ದಪ್ಪ ಫೈಲಿತ್ತು. ಟೆಸ್ಟ್ ಡ್ರೈವ್ ತೆಗೆದುಕೊಂಡವರ ಲೈಸೆನ್ಸ್ ಪ್ರತಿಗಳು. ಹೆಸರು, ವಿಳಾಸ, ಸಹಿ, ಫೋಟೋ, ಎಲ್ಲ ಅಸಲಿ. ಇವರೆಲ್ಲ ಕಾರು ಓಡಿಸಿ, ಸೀಟು ಒತ್ತಿ ನೋಡಿ, ಎರಡು ಕಾಫಿ ಕುಡಿದು, "ಮನೇಲಿ ಕೇಳಿ ಹೇಳ್ತೀನಿ" ಅಂತ ಹೋದವರು. ಯಾರ ಮನೆಯೂ ಇವತ್ತಿನವರೆಗೆ ಹೂಂ ಅಂದಿರಲಿಲ್ಲ. ಆ ಫೈಲಿನಿಂದ ಒಂಬತ್ತು ಜನರನ್ನು ಆರಿಸಿದ. ಹೆಂಗಸರನ್ನು ಬಿಟ್ಟ, ಆ ದನಿ ತನ್ನಿಂದಾಗದು. ಪೊಲೀಸರನ್ನು, ವಕೀಲರನ್ನು ಬಿಟ್ಟ. ಒಂದೇ ಬೀದಿಯ ಇಬ್ಬರನ್ನು ತೆಗೆದುಕೊಳ್ಳಲಿಲ್ಲ.

ಕಂಪನಿಯ ಕಣ್ಣಿಗೆ ಒಂದು ಕಾರು ಮಾರಾಟವಾಗಿದೆ ಅನ್ನಲು ಬೇಕಾದದ್ದು ಇಷ್ಟೇ. ಬಿಲ್ಲು, ಕೊಂಡವನ ಗುರುತಿನ ಪತ್ರ, ಫೋನ್ ನಂಬರು, ಕೀ ತೆಗೆದುಕೊಳ್ಳುತ್ತಿರುವ ಫೋಟೋ. ಕಾರುಗಳಿಗೆ ಶೋರೂಮಿನ ಯಜಮಾನರು ಕಂಪನಿಗೆ ಎಂದೋ ದುಡ್ಡು ಕಟ್ಟಿ ತರಿಸಿಟ್ಟಿದ್ದರಿಂದ ಅತ್ತ ಪ್ರಶ್ನೆಯಿಲ್ಲ. ಯಜಮಾನರು ಹಾಸಿಗೆ ಹಿಡಿದು ಮಗಳ ಮನೆ ಸೇರಿದ್ದರು; ಏನು ಕೇಳಿದರೂ "ನೀನೇ ನೋಡ್ಕೋ" ಅನ್ನುತ್ತಿದ್ದರು. ಬಿಲ್ಲು ಅವನ ಕೈಯಲ್ಲೇ ಇತ್ತು. ಗುರುತು ಫೈಲಿನಲ್ಲಿತ್ತು. ಫೋನಿಗೆ ಬೇರೆ ಬೇರೆ ಅಂಗಡಿಯಲ್ಲಿ ಒಂಬತ್ತು ಸಿಮ್ ತಂದ. ವಿಳಾಸವನ್ನು ಲೈಸೆನ್ಸಿನಲ್ಲಿ ಇದ್ದ ಹಾಗೇ ಬರೆದ. ಸುಳ್ಳಿಗೆ ಎಷ್ಟು ನಿಜ ಬೆರೆಸಿದರೆ ಅಷ್ಟು ಗಟ್ಟಿ ಅನ್ನುವುದು ಹದಿನೈದು ವರ್ಷದ ಅನುಭವ.

ಫೋಟೋ ಎಲ್ಲಕ್ಕಿಂತ ಸುಲಭವಾಯಿತು. ಒಬ್ಬೊಬ್ಬರಿಗೇ ಫೋನ್ ಮಾಡಿದ. "ಸಾರ್, ಶೋರೂಮ್ ಮುಚ್ತಿದೆ. ನಮ್ಮ ಹಳೇ ಗ್ರಾಹಕರ ನೆನಪಿಗೆ ಗೋಡೆಗೊಂದು ಫೋಟೋ ಹಾಕ್ತಿದ್ದೀವಿ. ಬಂದರೆ ಒಂದು ಗೋಡೆ ಗಡಿಯಾರ ಉಡುಗೊರೆ." ಒಂಬತ್ತಕ್ಕೆ ಒಂಬತ್ತೂ ಜನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕೊಳ್ಳದ ಕಾರಿನ ಪಕ್ಕ, ರಟ್ಟಿನ ದೊಡ್ಡ ಕೀ ಹಿಡಿದು, ಕೊಂಡವರಿಗಿಂತ ಚೆನ್ನಾಗಿ ನಕ್ಕರು. ಪ್ರತಿ ಭಾನುವಾರ ಬೆಳಿಗ್ಗೆ ಅವನು ಒಂದು ಕಾರನ್ನು ತಾನೇ ಓಡಿಸಿಕೊಂಡು ಹೋಗಿ, ಊರಾಚೆ ಬಾಡಿಗೆಗೆ ಹಿಡಿದ ಪ್ಲೈವುಡ್ ಗೋದಾಮಿನಲ್ಲಿ ನಿಲ್ಲಿಸಿ ಬರುತ್ತಿದ್ದ. ವರ್ಕ್‌ಶಾಪ್ ಉಳಿದ ಮೇಲೆ ಅವನ್ನು ನಿಧಾನವಾಗಿ, ಸಿಕ್ಕ ಬೆಲೆಗೆ, ನಿಜವಾದ ಜನಕ್ಕೆ ಮಾರಿ ಯಜಮಾನರಿಗೆ ಹಣ ಕಟ್ಟುವುದು. ಯಾರ ಹೊಟ್ಟೆಗೂ ಹೊಡೆದಂತಾಗಲಿಲ್ಲವಲ್ಲ, ಅಂತ ತನಗೆ ತಾನೇ ಹೇಳಿಕೊಂಡ. ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳಬೇಕಾಗುತ್ತಿತ್ತು.

ಎಡವಟ್ಟಾದದ್ದು ಏಳನೆಯವರಲ್ಲಿ. ಅವರು ನಿವೃತ್ತ ರೇಖಾಗಣಿತದ ಮೇಷ್ಟ್ರು. ಕಾರಿನ ಪಕ್ಕ ನಿಲ್ಲಿ ಅಂದರೆ ಒಪ್ಪಲಿಲ್ಲ.

"ಒಳಗೆ ಕೂತ್ರೆ ಕೋನ ಚೆನ್ನಾಗಿ ಬರುತ್ತೆ ಕಣಯ್ಯಾ. ದೀಪ ಹಾಕು, ಮುಖಕ್ಕೆ ಬೆಳಕು ಬೀಳ್ಲಿ."

ದೀಪಕ್ಕಾಗಿ ಅವನು ಎಂಜಿನ್ ಚಾಲೂ ಮಾಡಿದ. ಗೇರು ತಾನೇ ಬದಲಾಗುವ ಕಾರು ಅದು. ಮೇಷ್ಟ್ರು ಕೈ ಇಡಲು ಜಾಗ ಹುಡುಕಿ ಲಿವರ್ ಎಳೆದರು, ಕಾಲು ಇಡಲು ಜಾಗ ಹುಡುಕಿ ಆಕ್ಸಿಲರೇಟರ್ ಒತ್ತಿದರು. ಕಾರು ಎದುರಿನ ಗಾಜನ್ನು ಹೊಕ್ಕು, ನಾಲ್ಕು ಮೆಟ್ಟಿಲು ದಡದಡ ಇಳಿದು, ಪಾದಚಾರಿ ಕಟ್ಟೆಯ ಮೇಲೆ ಹೂಕುಂಡ ತಬ್ಬಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಬಾಗಿಲು ತೆಗೆದಾಗ ಮೇಷ್ಟ್ರು ರಟ್ಟಿನ ಕೀಯನ್ನು ಎದೆಗೆ ಅವುಚಿಕೊಂಡು, "ಫೋಟೋ ಬಂತಾ?" ಅಂದರು.

ರಸ್ತೆಯಲ್ಲಿದ್ದ ಯಾರೋ ವಿಡಿಯೋ ಮಾಡಿದ್ದರು. ಸಂಜೆಯೊಳಗೆ ಊರೆಲ್ಲ ನೋಡಿ ನಕ್ಕಿತು. ಅವನು ಮಾತ್ರ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅದನ್ನು ಆರು ಸಲ ನೋಡಿದ. ಮುಖ ತೊಳೆಯುವಾಗ ಹೊಳೆಯಿತು. ಡೆಲಿವರಿಯ ದಿನವೇ ಕಾರು ಗಾಜು ಒಡೆದಿದೆ ಅಂದರೆ ಡೆಲಿವರಿ ಆಗಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಬಿಲ್ಲು ಸಿದ್ಧವಿತ್ತು. ಕಂಪನಿಗೆ ಅಂದೇ ವರದಿ ಬರೆದ: ಸಂತೋಷದ ಭರದಲ್ಲಿ ಗ್ರಾಹಕರಿಂದಾದ ಪ್ರಮಾದ. ಮಾರಾಟ ವಿಭಾಗದವನು ಫೋನ್ ಮಾಡಿ ಬಿದ್ದು ಬಿದ್ದು ನಕ್ಕ. "ಹೋಗೋ ಕಾಲಕ್ಕೂ ನಮ್ಮ ಕಾರು ಸುದ್ದಿ ಮಾಡ್ತು ನೋಡಿ ಮ್ಯಾನೇಜರ್ ಸಾಹೇಬ್ರೆ!"

ಮೇಷ್ಟ್ರಿಗೆ ಅವನು ಹೇಳಿದ್ದು ಒಂದೇ ಮಾತು. "ಗಾಜಿನ ದುಡ್ಡು ಕೇಳಲ್ಲ ಸಾರ್. ನೀವು ಬಾಯಿ ಬಿಡಬೇಡಿ, ನಾನೂ ಬಿಡಲ್ಲ."

ಕಾರು ಕೆಳಗೆ ವರ್ಕ್‌ಶಾಪಿಗೆ ಹೋಯಿತು. ಭಾವ ಬಾನೆಟ್ ನೇರ ಮಾಡಿ, ಬಣ್ಣ ಹೊಡೆದು, ಹೊಸದರ ಹಾಗೆ ಮಾಡಿಕೊಟ್ಟರು.

"ಪಾಪ, ಮನುಷ್ಯ ಒಂದ್ಸಲವಾದ್ರೂ ಬಂದು ನೋಡಬಾರದಾ ತನ್ನ ಗಾಡಿನ?"

"ನಾಚಿಕೆ ಭಾವ. ಮನೆಗೇ ತಲುಪಿಸ್ತೀನಿ ಅಂದಿದ್ದೀನಿ."

"ನೀನು ಒಳ್ಳೆಯವನಪ್ಪ," ಅಂದರು ಭಾವ, ತುದಿಯಿಲ್ಲದ ಬೆರಳಿನಿಂದ ಬಣ್ಣದ ಅಂಚು ಸವರುತ್ತಾ. ಅವನು ಬೇಗ ಮೆಟ್ಟಿಲು ಹತ್ತಿದ.

ಕಾರು ಮಾರಿದ ಏಳನೇ ದಿನ ಕೊಂಡವರಿಗೆ ಕಂಪನಿಯಿಂದ ಒಂದು ಫೋನ್ ಬರುತ್ತದೆ, ಹೇಗಿದೆ ಗಾಡಿ ಅಂತ. ಅದಕ್ಕೂ ಅವನು ಸಿದ್ಧನಿದ್ದ. ಗೋದಾಮಿನಲ್ಲಿ, ಆಯಾ ಕಾರಿನ ಒಳಗೇ ಬಾಗಿಲು ಹಾಕಿ ಕೂತು ಉತ್ತರಿಸುತ್ತಿದ್ದ; ದನಿ ಕಾರಿನೊಳಗಿನ ದನಿಯಾಗಿಯೇ ಕೇಳಬೇಕು. ಎಲ್ಲರೂ ಹೊಗಳಿದರೆ ಅನುಮಾನ ಬರುತ್ತದೆ. ಆದ್ದರಿಂದ ಒಬ್ಬ ಮ್ಯಾಟ್ ಕೊಡಲಿಲ್ಲ ಅಂತ ಗೊಣಗಿದ. ಒಬ್ಬ ಕೆಮ್ಮಿದ. ಇನ್ನೊಬ್ಬ, "ಗಾಡಿ ಪರವಾಗಿಲ್ಲ, ಆ ಮ್ಯಾನೇಜರ್ ಇದ್ದಾನಲ್ಲ, ಬರೀ ಮಾತು" ಅಂದ. ಅದನ್ನು ಹೇಳುವಾಗ ಮಾತ್ರ ನಟಿಸಬೇಕಾಗಲಿಲ್ಲ. ಒಂದೊಂದು ಕರೆ ಮುಗಿದ ಕೂಡಲೇ ಆ ಸಿಮ್ ಕತ್ತರಿಸಿ, ಒಂಬತ್ತನ್ನೂ ಬೇರೆ ಬೇರೆ ಚರಂಡಿಗೆ ಹಾಕಿದ. ಬಿಲ್ಲು, ಗುರುತು, ಫೋಟೋ, ಫೋನು. ಎಲ್ಲವನ್ನೂ ಮೂರು ಸಲ ತಿರುಗಾ ನೋಡಿದ. ಕೀ ಕೈಬದಲಾಯಿಸುವವರೆಗಿನ ಕಾರಿನ ಬದುಕಿನಲ್ಲಿ ಅವನಿಗೆ ಗೊತ್ತಿಲ್ಲದ ಒಂದು ಕಾಗದವೂ ಇರಲಿಲ್ಲ.

ಮೂರು ತಿಂಗಳು ಮುಗಿಯಿತು. ಅವರು ಹನ್ನೊಂದು, ಆ ದೊಡ್ಡ ಶೋರೂಮ್ ಎಂಟು. ಮಾರಾಟ ವಿಭಾಗದ ಪತ್ರ ಬಂತು: ವರ್ಕ್‌ಶಾಪ್ ಉಳಿಯುತ್ತದೆ. ಅವನು ಪತ್ರ ಹಿಡಿದುಕೊಂಡು ನೇರ ಅಕ್ಕನ ಮನೆಗೆ ಹೋದ. ಅಕ್ಕ ಓದಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಸ್ವೆಟರ್ ತಗೊಂಡು ಹೋಗೋ, ಇಲ್ಲಿ ಜಾಗ ಇಲ್ಲ" ಅಂದಳು.

ಎರಡು ತಿಂಗಳ ನಂತರ ಕಂಪನಿಯಿಂದ ಒಬ್ಬ ಅಧಿಕಾರಿ ಬಂದರು. ಸಣ್ಣ ಕೈಚೀಲದ, ಸಣ್ಣ ದನಿಯ ಹೆಂಗಸು. ಅವನು ಮಾರಾಟದ ಕಡತಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿಟ್ಟಿದ್ದ. ಅವರು ಕೂರಲೂ ಇಲ್ಲ.

"ನಾನು ಸೇಲ್ಸ್‌ನವಳಲ್ಲ, ಸರ್ವಿಸ್ ವಿಭಾಗದವಳು. ವರ್ಕ್‌ಶಾಪ್ ಎಲ್ಲಿದೆ?"

ಅವರ ಹಿಂದೆ ಅವನೂ ಹದಿನೆಂಟು ಮೆಟ್ಟಿಲು ಇಳಿದ. ಭಾವ ಕೈ ಒರೆಸಿಕೊಂಡು ಎದ್ದು ನಿಂತರು. ಅಧಿಕಾರಿ ಚೀಲದಿಂದ ಹಳದಿ ಬಣ್ಣದ ಒಂದು ಅಂಚೆ ಕಾರ್ಡ್ ತೆಗೆದರು.

"ಈ ಅಕ್ಷರ ನಿಮ್ಮದಾ?"

"ನಂದೇ ಮೇಡಂ. ಏನಾದ್ರೂ ತಪ್ಪಾಗಿದ್ಯಾ?"

"ಇಲ್ಲ. ಅಕ್ಷರ ಮುತ್ತಿನ ಹಾಗಿದೆ. ಇಂಥವು ಎಷ್ಟು ಬರೆದಿರಿ?"

"ಹನ್ನೊಂದು ಮೇಡಂ. ಇಬ್ಬರು ಬಂದ್ರು. ಒಂಬತ್ತು ಜನಕ್ಕೆ ಫೋನೂ ಹತ್ತಲಿಲ್ಲ, ಅದಕ್ಕೆ ಎರಡೆರಡು ಸಲ ಬರೆದೆ. ಕಂಪನಿ ಹೋಗ್ತಿದೆ ಅಂತ ಬೇಜಾರಾಗಿರ್ಬೇಕು, ಪಾಪ." ಭಾವ ಅವನ ಕಡೆ ತಿರುಗಿದರು. "ನಿನ್ನ ಕೆಲಸದ ಮಧ್ಯ ಇದೆಲ್ಲ ಯಾಕೆ ಅಂತ ನಿನಗೆ ಹೇಳ್ಲಿಲ್ಲಪ್ಪ."

ಯಾವ ಹೊಸ ಕಾರೇ ಆಗಲಿ, ಮಾರಿದ ಮೂವತ್ತನೇ ದಿನಕ್ಕೆ ಮೊದಲ ಉಚಿತ ಸರ್ವಿಸಿಗೆ ಬನ್ನಿ ಅಂತ ಕೊಂಡವರ ಮನೆ ವಿಳಾಸಕ್ಕೆ ವರ್ಕ್‌ಶಾಪಿನಿಂದ ಒಂದು ಕಾರ್ಡ್ ಹೋಗುತ್ತದೆ. ಹದಿನೈದು ವರ್ಷದಿಂದ ಪ್ರತಿಯೊಂದನ್ನೂ ಭಾವ ಕೈಯಾರೆ ಬರೆದು ಅಂಚೆಗೆ ಹಾಕುತ್ತಿದ್ದರು, ಮಾರುವವನಿಗೆ ಅದು ಗೊತ್ತಿರಲಿಲ್ಲ. ಒಂಬತ್ತು ಮನೆಗಳಲ್ಲಿ ಒಂಬತ್ತು ಹೆಂಡಂದಿರು ಆ ಕಾರ್ಡ್ ಓದಿ, ಯಾವ ಕಾರು, ಯಾರಿಗೆ ಕೊಡಿಸಿದ್ದು ಅಂತ ಗಂಡಂದಿರನ್ನು ಕೇಳಿದ್ದರು, ಮತ್ತು ಗಂಡಂದಿರು ಮನೆಯಲ್ಲಿ ಉಸಿರಾಡಬೇಕಾದರೆ ಕಾರ್ಡಿನ ಕೆಳಗೆ ಅಚ್ಚಾಗಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಲೇಬೇಕಾಯಿತು. ಮಧ್ಯಾಹ್ನವೇ ಪೊಲೀಸರು ಬಂದು ಅವನನ್ನು ಕರೆದುಕೊಂಡು ಹೋದರು. ಎರಡನೇ ಸ್ಥಾನದ ಶೋರೂಮ್ ಅಷ್ಟರಲ್ಲಿ ಖಾಲಿಯಾಗಿ ಸೋಫಾ ಅಂಗಡಿಯಾಗಿತ್ತು, ಆದ್ದರಿಂದ ಕಂಪನಿ ಇದೇ ವರ್ಕ್‌ಶಾಪನ್ನು ಹತ್ತು ವರ್ಷಕ್ಕೆ ಉಳಿಸಿಕೊಂಡು, ಭಾವನನ್ನೇ ಅದರ ಮುಖ್ಯಸ್ಥನನ್ನಾಗಿ ಮಾಡಿತು. ಭಾವನ ಕೈಯಿಂದ ಸ್ಪ್ಯಾನರ್ ಕೆಳಗೆ ಬೀಳಲಿಲ್ಲ. ಅವನು ಅಕ್ಕನಿಗೆ ಕೊಟ್ಟ ಮಾತು ಉಳಿಯಿತು.