ಬಂಡೆರಾಯ ಏಳುವ ಬಗೆ

ವೇದಿಕೆಯ ಮೇಲೆ ಮೊದಲು ಮೂಳೆಗಳು ಬಂದವು. ಬೆಳಕಿನಿಂದಲೇ ಆದ ಬೆನ್ನೆಲುಬೊಂದು ನೆಟ್ಟಗಾಯಿತು, ಅದಕ್ಕೆ ಪಕ್ಕೆಲುಬುಗಳು ಒಂದೊಂದಾಗಿ ಬಂದು ಕೂಡಿಕೊಂಡವು. ಆಮೇಲೆ ಕೆಂಪು ಸ್ನಾಯುಗಳು ಹುರಿಹಗ್ಗದ ಹಾಗೆ ಸುತ್ತಿಕೊಂಡವು. ಕೊನೆಗೆ ಚರ್ಮ, ಕಚ್ಚೆ, ಹಣೆಯ ಕರಿಪಟ್ಟಿ. ಏಳಡಿಯ ಬಂಡೆರಾಯ ಕಣ್ಣು ಬಿಟ್ಟಾಗ ಜಮಖಾನದ ಮೇಲೆ ಕುಳಿತಿದ್ದ ಮಕ್ಕಳು ಎಂಥ ಕೂಗು ಹಾಕಿದರೆಂದರೆ, ಯಂತ್ರದ ಪಕ್ಕ ನಿಂತಿದ್ದ ಡಾ. ಶಾಹಿನಾ ನಗುತ್ತ ಕಿವಿ ಮುಚ್ಚಿಕೊಂಡರು.

ಅವರು ಕಟ್ಟಿದ ಆ ಯಂತ್ರದ ಹೆಸರು ಕಾಯಗಣಕ. ಒಂದು ದೇಹ ಕೂರುವ, ನಡೆಯುವ, ಬಾಗುವ ಚಿತ್ರಗಳನ್ನು ಕೊಟ್ಟರೆ ಸಾಕು, ಚರ್ಮದ ಕೆಳಗೆ ಏನಿರಬೇಕೆಂದು ಅದು ಲೆಕ್ಕ ಹಾಕುತ್ತದೆ. ಯಾವ ಸ್ನಾಯು ಎಷ್ಟು ಎಳೆಯುತ್ತಿದೆ, ಯಾವ ಕೀಲು ಎಷ್ಟು ಭಾರ ಹೊರುತ್ತಿದೆ ಎಂಬ ಸ್ನಾಯುನಕ್ಷೆಯನ್ನು ಬರೆದು, ಆ ದೇಹವನ್ನು ಬೆಳಕಿನಲ್ಲಿ ನಿಲ್ಲಿಸಿ ತೋರಿಸುತ್ತದೆ. ಮಂಡಿ ಸವೆದವರಿಗೆ, ಸೊಂಟ ಮುರಿದವರಿಗೆ ಚಿಕಿತ್ಸೆ ಮಾಡುವ ಮೊದಲು ವೈದ್ಯರು ಅದನ್ನು ನೋಡುತ್ತಿದ್ದರು. ಮಕ್ಕಳ ಚಿತ್ರಕಥೆಯ ನಾಯಕನೊಬ್ಬನನ್ನು ಅದರೊಳಗೆ ಹಾಕಬಹುದೆಂದು ಶಾಹಿನಾ ಕನಸಿನಲ್ಲೂ ಎಣಿಸಿರಲಿಲ್ಲ.

ಆದರೆ ಚಿತ್ರದುರ್ಗದಲ್ಲಿ ಆ ವರ್ಷ ಬೇರೆ ಮಾತೇ ಇರಲಿಲ್ಲ. ಓಬಳೇಶ ಎಂಬಾತ ಹಗಲೆಲ್ಲ ಗುಡ್ಡದ ಮೇಲಿನ ಗಾಳಿಯಂತ್ರಗಳ ರಿಪೇರಿ ಮಾಡಿ, ಉಳಿದ ಹೊತ್ತಿನಲ್ಲಿ ವಾರಪತ್ರಿಕೆಗೆ ಬರೆಯುತ್ತಿದ್ದ ಚಿತ್ರಕಥೆ ‘ಬಂಡೆರಾಯ’. ಅದರ ಒಂದು ಸಂಚಿಕೆಯಲ್ಲಿ ನಾಯಕ, ಸೇತುವೆಯಿಂದ ಬೀಳುತ್ತಿದ್ದ ಗೂಡ್ಸ್ ರೈಲನ್ನು ಒಂದೇ ಕೈಯಲ್ಲಿ ತಡೆದಿದ್ದ. ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ಮಲ್ಲೇಶಪ್ಪನವರು, ‘ಇದು ಮಕ್ಕಳ ತಲೆ ಕೆಡಿಸುವ ಕೆಲಸ’ ಎಂದು ಪತ್ರಿಕೆಗೆ ಬರೆದರು. ಬಂಡೆರಾಯನ ಅಭಿಮಾನಿ ಬಳಗದ ಸಿಂಚನಾ ಎಂಬ ಕಾಲೇಜು ಹುಡುಗಿ ಮೇಷ್ಟ್ರನ್ನು ಚರ್ಚೆಗೆ ಕರೆದೇಬಿಟ್ಟಳು. ತೀರ್ಪು ಹೇಳಲು ಕಾಯಗಣಕ ಬಂತು.

“ಅಲ್ಲಮ್ಮ, ಆನೆ ಕಾಲು ಜಿಂಕೆ ಕಾಲಿನ ಹಂಗೆ ಯಾಕಿಲ್ಲ ಹೇಳು,” ಎಂದು ಮೇಷ್ಟ್ರು ಶುರುಮಾಡಿದರು. “ಮನುಷ್ಯನ್ನ ಎರಡು ಪಟ್ಟು ದೊಡ್ಡವನನ್ನಾಗಿ ಮಾಡಿದ್ರೆ ಅವನ ಮೂಳೆ ಬಲ ನಾಲ್ಕು ಪಟ್ಟಾಗುತ್ತೆ, ತೂಕ ಎಂಟು ಪಟ್ಟಾಗುತ್ತೆ. ತನ್ನ ಮೈ ಹೊರೋದ್ರಲ್ಲೇ ಅವನ ಬಲ ಮುಗಿದುಹೋಗುತ್ತೆ. ಇನ್ನು ರೈಲು ಎಲ್ಲಿಂದ ಹೊರ್ತಾನೆ?”

“ಅವನ ಮೂಳೆ ಕಲ್ಲು ಮೇಷ್ಟ್ರೇ, ನಮ್ಮ ನಿಮ್ಮ ಥರ ಅಲ್ಲ!”

“ಕಲ್ಲಾದ್ರೆ ಇನ್ನೂ ಬೇಗ ಮುರಿಯುತ್ತೆ ತಾಯಿ. ಕಲ್ಲು ಭಾರ ಹೊರುತ್ತೆ, ಬಾಗೋದಿಲ್ಲ. ಸರಿ, ಮುರೀಲಿಲ್ಲ ಅಂತಾನೇ ಇಟ್ಕೊ. ಅಷ್ಟು ಟನ್ನು ಎರಡು ಪಾದದ ಮೇಲೆ ಬಿದ್ರೆ ನೆಲ ತಡ್ಕೊಳ್ಳುತ್ತಾ? ಸೊಂಟದ ತನಕ ಹೂತ್ಕೊಂಡು ಹೋಗ್ತಾನೆ ನಿನ್ನ ಬಂಡೆರಾಯ.”

“ಹೂತ್ಕೊಂಡ್ರೆ ಒಳ್ಳೇದೇ ಆಯ್ತಲ್ಲ, ಅಲ್ಲಾಡಲ್ಲ!”

ಸಭೆ ಚಪ್ಪಾಳೆ ತಟ್ಟಿತು. ಮೇಷ್ಟ್ರೂ ಹಣೆ ಚಚ್ಚಿಕೊಂಡು ನಕ್ಕರು. ಮುಂದಿನ ಸಾಲಿನಲ್ಲಿ ಕುಳಿತ ಓಬಳೇಶ ನಗುವ ಸರದಿ ಬಂದಾಗಲೆಲ್ಲ ಆಕಳಿಸುತ್ತಿದ್ದ. ಹೆಂಡತಿ ಇಂಚರ ಮೊಣಕೈಯಿಂದ ತಿವಿದು ಎಬ್ಬಿಸುತ್ತಿದ್ದಳು. ಅವರ ಎಂಟು ವರ್ಷದ ಮಗ ಪಾಲಾಕ್ಷ ಜಮಖಾನದ ಮೇಲೆ ಗೆಳೆಯರ ನಡುವೆ ಕುಳಿತಿದ್ದ.

ಶಾಹಿನಾ ಯಂತ್ರಕ್ಕೆ ಅಪ್ಪಣೆ ಕೊಟ್ಟರು: ಈ ದೇಹ ಎತ್ತಬಹುದಾದ ಅತಿ ಹೆಚ್ಚಿನ ಭಾರ ಎಷ್ಟು?

ಬೆಳಕಿನ ಬಂಡೆರಾಯ ನೆಲದ ಮೇಲೆ ಕುಳಿತು, ಏಳತೊಡಗಿದ. ಕಥೆಯಲ್ಲೂ ಹಾಗೆಯೇ. ವೈರಿಗಳು ಅವನನ್ನು ಕೆಡವುತ್ತಾರೆ, ಮುಗಿಯಿತು ಎನ್ನುವಾಗ ಅವನು ಏಳುತ್ತಾನೆ. ಆ ಏಳುವ ಬಗೆಯೇ ಅವನ ಗುರುತು. ಮೊದಲು ಬೋರಲಾಗಿ ಎರಡೂ ಅಂಗೈ ನೆಲಕ್ಕೆ ಊರುತ್ತಾನೆ. ಸೊಂಟ ಮೇಲೆತ್ತುತ್ತಾನೆ. ಒಂದು ಕೈ ಮಂಡಿಗೆ, ಇನ್ನೊಂದು ಕೈ ತೊಡೆಗೆ. ಹೀಗೆ ತನ್ನ ಕಾಲುಗಳನ್ನೇ ಗುಡ್ಡ ಹತ್ತಿದ ಹಾಗೆ ಕೈಯಿಂದ ಹತ್ತಿ ಹತ್ತಿ ನೆಟ್ಟಗೆ ನಿಲ್ಲುತ್ತಾನೆ. ನಾಲ್ಕು ಚೌಕಗಳ ಆ ಚಿತ್ರ ಬಂದ ಕೂಡಲೇ ಓದುವ ಮಕ್ಕಳು “ಬಂಡೆ ಎದ್ದೀತು!” ಎಂದು ಕೂಗಬೇಕು. ಈಗಲೂ ಕೂಗಿದರು.

ಯಂತ್ರದ ಪರದೆಯ ಮೇಲೆ ಉತ್ತರ ಮೂಡಿತು: ‘ಹದಿನಾಲ್ಕು ಕಿಲೋ. ಎತ್ತುವುದನ್ನು ಸಲಹೆ ಮಾಡುವುದಿಲ್ಲ.’

ಸಭಾಂಗಣ ನಗೆಯಲ್ಲಿ ಮುಳುಗಿತು. “ಅರ್ಧ ಮೂಟೆ ಅಕ್ಕೀನೂ ಇಲ್ಲ!” ಎಂದು ಮೇಷ್ಟ್ರು ಮೇಜು ಗುದ್ದಿದರು. “ನಿಮ್ ಯಂತ್ರಕ್ಕೆ ಊಟ ಹಾಕಿ ಮೇಡಂ,” ಎಂದು ಸಿಂಚನಾ ಸಿಡುಕಿದಳು.

ಶಾಹಿನಾ ನಗಲಿಲ್ಲ. ಪರದೆಯ ಕೆಳಗೆ, ಸಭೆಗೆ ಕಾಣದ ಜಾಗದಲ್ಲಿ, ಸ್ನಾಯುನಕ್ಷೆ ಇತ್ತು. ಸೊಂಟ ಮತ್ತು ತೊಡೆಯ ಸ್ನಾಯುಗಳು ಬೂದಿಬಣ್ಣಕ್ಕೆ ತಿರುಗಿದ್ದವು. ಮೀನಖಂಡಗಳು ಬಲು ದಪ್ಪವಾಗಿದ್ದವು, ಆದರೆ ಒಳಗೆ ಬಲವಿರಲಿಲ್ಲ. ಯಂತ್ರಕ್ಕೆ ಕಥೆ ಗೊತ್ತಿಲ್ಲ, ಅಭಿಮಾನವೂ ಗೊತ್ತಿಲ್ಲ. ಇಂಥ ಕಾಲು, ಇಂಥ ಏಳುವಿಕೆ ಇರುವ ದೇಹದಲ್ಲಿ ಏನು ನಡೆಯುತ್ತಿರಬೇಕೋ ಅದನ್ನಷ್ಟೇ ಅದು ಹೇಳಿತ್ತು.

ಕಾರ್ಯಕ್ರಮ ಮುಗಿಸಿ ಅವರು ಓಬಳೇಶನನ್ನು ಬದಿಗೆ ಕರೆದರು.

“ಅವನು ಏಳೋ ರೀತಿ ಇದೆಯಲ್ಲ, ಅದನ್ನ ಯಾರನ್ನಾದ್ರೂ ನೋಡಿ ಬರೆದ್ರಾ?”

ಓಬಳೇಶನ ಮುಖ ಅರಳಿತು. “ನನ್ ಮಗನ್ನ ನೋಡಿ ಮೇಡಂ. ನಾನು ಯಾವತ್ತೂ ತಲೇಲಿಂದ ಬರೆಯಲ್ಲ, ಕಣ್ಣೆದುರು ಆಳು ಬೇಕು. ಬಿದ್ದೋನು ಹೆಂಗೆ ಏಳ್ಬೇಕು ಅಂತ ತಲೆ ಕೆರ್ಕೊಂಡು ಕುಂತಿದ್ದೆ. ಇವನು ಗೋಲಿ ಆಡ್ತಿದ್ದೋನು ಹಂಗೆ ಎದ್ದ. ಐದು ವರ್ಷ ಆಗ. ಎಂಥಾ ಗತ್ತು ಅಂತೀರಿ! ಆ ಕಾಲೂ ಅವನದ್ದೇ. ನಮ್ಮ ತಾತ ಪೈಲ್ವಾನ್ರು, ಅವರ ಕಾಲೇ ಬಂದೈತೆ ಅಂತ ಮನೇಲೆಲ್ಲ ಅಂತಾರೆ.”

“ನಿಮ್ಮ ಮಗ ಯಾರು? ತೋರಿಸ್ತೀರಾ?”

ಓಬಳೇಶ ಜಮಖಾನದ ಕಡೆ ಕೈ ಮಾಡಿದ. ಅಷ್ಟರಲ್ಲಿ ಸಂಘಟಕರು ಮಕ್ಕಳಿಗೆ ಏಳಲು ಹೇಳಿದರು. ಅಲ್ಲಿದ್ದ ಮಕ್ಕಳೆಲ್ಲ ಬೋರಲಾಗಿ ಅಂಗೈ ಊರಿ, ಸೊಂಟ ಎತ್ತಿ, ಮಂಡಿ ಹಿಡಿದು, ತೊಡೆ ಹತ್ತಿ, “ಬಂಡೆ ಎದ್ದೀತು!” ಎಂದು ಒಟ್ಟಿಗೆ ಎದ್ದು ನಿಂತರು.

ಶಾಹಿನಾ ಅಷ್ಟೂ ಮಕ್ಕಳನ್ನು ನೋಡಿದರು. ಇಪ್ಪತ್ತು ವರ್ಷ ದೇಹಗಳನ್ನೇ ಓದಿದ ಅವರಿಗೆ ಯಾರು ಆಟಕ್ಕೆ ಎದ್ದರು, ಯಾರು ಬೇರೆ ದಾರಿಯಿಲ್ಲದೆ ಎದ್ದರು ಎಂದು ಹೇಳಲಾಗಲಿಲ್ಲ.

“ಇವರಲ್ಲಿ ಯಾರು?” ಎಂದು ಮತ್ತೆ ಕೇಳಿದರು. ಅವರ ದನಿ ಬದಲಾಗಿತ್ತು.

*

ಪಾಲಾಕ್ಷನಿಗೆ ಮಾಡಿದ ಪರೀಕ್ಷೆಗಳು ಯಂತ್ರದ ಮಾತನ್ನೇ ಹೇಳಿದವು. ಹುಟ್ಟಿನಿಂದಲೇ ಬಂದ ಸ್ನಾಯುಕ್ಷಯ. ಸ್ನಾಯುವನ್ನು ಕಾಯುವ ಒಂದು ವಸ್ತು ಈ ಕಾಯಿಲೆಯ ಮಕ್ಕಳ ಮೈಯಲ್ಲಿ ತಯಾರಾಗುವುದಿಲ್ಲ. ಬಳಸಿದಷ್ಟೂ ಸ್ನಾಯು ಹರಿಯುತ್ತ ಹೋಗುತ್ತದೆ, ಮೊದಲು ಸೊಂಟ, ತೊಡೆ, ಆಮೇಲೆ ತೋಳು. ಕೊನೆಗೆ ಉಸಿರು.

“ಔಷಧಿ ಇದೆ ಅಂತ ಪೇಪರಲ್ಲಿ ಓದಿದ್ದೆ,” ಎಂದ ಓಬಳೇಶ. “ಅದೇನೋ ವಂಶವಾಹಿ ತಿದ್ದೋದು…”

“ಇದೆ,” ಎಂದರು ಶಾಹಿನಾ. “ಉಳಿದಿರೋ ಸ್ನಾಯುವನ್ನ ಕಾಯುತ್ತೆ, ಹೋಗಿರೋದನ್ನ ತಂದುಕೊಡಲ್ಲ. ನಾಲ್ಕೈದು ವರ್ಷಕ್ಕೆ ಗೊತ್ತಾದ್ರೆ ಮಕ್ಕಳು ಓಡಾಡ್ಕೊಂಡು ಬೆಳೀತಾರೆ. ಪಾಲಾಕ್ಷನಿಗೆ ಈಗಲೂ ಕೊಡ್ತೀವಿ. ಆದ್ರೆ ಗಾಲಿಕುರ್ಚಿ ಬರೋದನ್ನ ಮುಂದಕ್ಕೆ ತಳ್ಳಬಹುದು ಅಷ್ಟೇ, ತಪ್ಪಿಸೋಕಾಗಲ್ಲ.”

ಇಂಚರ ಅಷ್ಟು ಹೊತ್ತೂ ಸೆರಗಿನ ತುದಿ ಸುರುಳಿ ಸುತ್ತುತ್ತ ಕುಳಿತಿದ್ದಳು. “ನಾನು ತೋರಿಸಿದ್ದೆ ಮೇಡಂ,” ಎಂದಳು. “ಅವನಿಗೆ ಆರು ತುಂಬೋ ಮುಂಚೆ. ಯಾಕೋ ಕೈ ಊರದೆ ಏಳಲ್ಲ ಅಂತ ಬೀದಿ ಕೊನೆ ಡಾಕ್ಟ್ರ ಹತ್ರ ಕರ್ಕೊಂಡೋಗಿದ್ದೆ. ಏಳು ಮರೀ ನೋಡೋಣ ಅಂದ್ರು. ಇವನು ಎದ್ದ. ಅವರು ಬಿದ್ದುಬಿದ್ದು ನಕ್ಕರು. ನನ್ ಮಗನೂ ಹಿಂಗೇ ಏಳ್ತಾನಮ್ಮ, ಎಲ್ಲಾ ಆ ಬಂಡೆರಾಯನ ಹುಚ್ಚು, ಅಂದ್ರು. ನಾನೂ ನಕ್ಕು, ಇದು ಬರೆಯೋದು ನಮ್ಮನೆಯವರೇ ಡಾಕ್ಟ್ರೇ, ಅಂತ ಜಂಬ ಕೊಚ್ಕೊಂಡು ಬಂದೆ.”

ಓಬಳೇಶ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಯಾರೂ ಅವನನ್ನು ಕರೆಯಲಿಲ್ಲ.

ಮನೆಗೆ ಬಂದು ಮಗನಿಗೆ ಹೇಳಲೇಬೇಕಾಯಿತು. ಹೇಗೆ ಹೇಳುವುದೆಂದು ತಿಳಿಯದೆ ಓಬಳೇಶ, “ಬಂಡೆರಾಯನಿಗಿರೋ ಕಾಯಿಲೇನೇ ನಿನಗೂ ಐತೆ ಕಣಪ್ಪ,” ಎಂದುಬಿಟ್ಟ. ಪಾಲಾಕ್ಷ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ಪರವಾಗಿಲ್ಲ,” ಎಂದ.

*

ತಿಂಗಳು ಕಳೆದ ಮೇಲೆ ಶಾಹಿನಾ ತಾವಾಗಿಯೇ ಅವರ ಮನೆಗೆ ಬಂದರು. ಪಾಲಾಕ್ಷ ಶಾಲೆಗೆ ಹೋಗಿದ್ದ, ಓಬಳೇಶನಿಗೆ ವಾರದ ರಜೆ. ಕೊಟ್ಟ ಕಾಫಿಯನ್ನು ಅವರು ಮುಟ್ಟಲಿಲ್ಲ.

“ಓಬಳೇಶ್, ಮೂರು ವರ್ಷದಿಂದ ಈ ಕಡೆ ಸ್ನಾಯುಕ್ಷಯದ ಮಕ್ಕಳು ತಡವಾಗಿ ಬರ್ತಿದ್ದಾರೆ. ಯಾಕೆ ಅಂತ ನಮಗೆ ಗೊತ್ತಾಗಿರಲಿಲ್ಲ. ಈ ಕಾಯಿಲೆ ಮೊದಲು ಕಾಣಿಸ್ಕೊಳ್ಳೋದೇ ಏಳೋ ರೀತಿಯಲ್ಲಿ. ತಾಯಂದಿರು, ಟೀಚರುಗಳು ನೋಡಿ ಕರ್ಕೊಂಡು ಬರ್ತಿದ್ರು. ಈಗ ಯಾರಿಗೂ ಅನುಮಾನ ಬರ್ತಿಲ್ಲ. ಎಲ್ಲಾ ಮಕ್ಕಳೂ ಹಾಗೇ ಏಳ್ತಾರೆ.”

ಓಬಳೇಶನಿಗೆ ಮಾತು ಎತ್ತ ಹೋಗುತ್ತಿದೆಯೆಂದು ತಿಳಿಯಿತು. “ಕಥೆ ನಿಲ್ಲಿಸ್ಬೇಕಾ?”

“ನಿಲ್ಲಿಸಿದ್ರೆ ಮಕ್ಕಳು ಹಳೇದನ್ನೇ ಆಡ್ತಾರೆ. ಬಂಡೆರಾಯ ಬೇರೆ ಥರ ಏಳಬೇಕು. ಕೈ ಊರದೆ, ಒಂದೇ ನೆಗೆತಕ್ಕೆ. ಮಕ್ಕಳೆಲ್ಲ ಅದನ್ನ ಕಲೀತಾರೆ. ಕಲಿಯೋಕಾಗದೇ ಇರೋ ಮಕ್ಕಳು ಯಾರು ಅಂತ ಆಗ ಕಾಣುತ್ತೆ.”

“ಆಗಲ್ಲ ಮೇಡಂ.”

“ಯಾಕೆ?”

“ಯಾಕೆ ಅಂದ್ರೆ…” ಓಬಳೇಶ ಕಾಫಿ ಲೋಟ ಬದಿಗೆ ಸರಿಸಿದ. “ಓಟದಲ್ಲಿ ಅವನೇ ಕೊನೆ. ಸ್ಕೂಲ್ ಮೆಟ್ಲು ಹತ್ತೋದ್ರಲ್ಲೂ ಕೊನೆ. ಬಂಡೆ ಏಳೋದ್ರಲ್ಲಿ ಮಾತ್ರ ಫಸ್ಟು. ಮಿಕ್ಕ ಹುಡುಗ್ರು ಅವನತ್ರ ಕಲಿಯೋಕೆ ಬರ್ತಾರೆ. ಪಾಲಿ, ಕೈ ಎಲ್ಲಿಡ್ಬೇಕೋ ತೋರ್ಸೋ ಅಂತಾರೆ. ಮುಂದೆ ಅವನ ಕಾಲು ಹೋಗುತ್ತೆ, ಕೈ ಹೋಗುತ್ತೆ ಅಂದ್ರಿ. ಅವನ ಹತ್ರ ಇರೋದು ಇದೊಂದು. ಇದನ್ನೂ ನಾನೇ ಕಿತ್ಕೊಳ್ಳಾ?”

ದೇಹ ಹೊರುವ ಭಾರಕ್ಕೆ ಲೆಕ್ಕ ಬರೆದವರು ಶಾಹಿನಾ. ಇದು ಅವರ ಲೆಕ್ಕದ ಹೊರಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂಚರ ಹೇಳಿದಳು: “ಆ ಡಾಕ್ಟ್ರು ಅವತ್ತು ನಗದೇ ಇದ್ದಿದ್ರೆ ಅಂತ ದಿನಾ ಅನ್ಕೊಂತೀನಿ ಕಣ್ರೀ. ಪಾತ್ರೆ ತೊಳೀವಾಗ, ಬಸ್ಸಿಗೆ ಕಾಯುವಾಗ, ಅದೇ. ಇನ್ನೊಬ್ಬಳು ಹಿಂಗೆ ಅನ್ಕೊಂಡು ಕೂರೋದು ಬೇಡ. ಬರೀರಿ.”

ಅವನು ಬರೆದ. ಈ ಸಲ ಕಣ್ಣೆದುರಿಗೆ ಮಗನನ್ನು ನಿಲ್ಲಿಸಿಕೊಳ್ಳುವಂತಿರಲಿಲ್ಲ. ಕೆಲಸಕ್ಕೆ ರಜೆ ಹಾಕಿ, ಮಗ ಶಾಲೆಯಲ್ಲಿದ್ದ ಹೊತ್ತಿನಲ್ಲಿ ಬೀರುವಿನ ಕನ್ನಡಿಯ ಮುಂದೆ ತಾನೇ ನೆಲಕ್ಕೆ ಕೂತು, ಕೈ ಕಟ್ಟಿಕೊಂಡು, ಮತ್ತೆ ಮತ್ತೆ ನೆಗೆದು ಎದ್ದ. ದುಡಿದು ದಣಿದ ಕಾಲುಗಳೂ ಅಷ್ಟು ಸುಲಭವಾಗಿ ಏಳುತ್ತವೆಂಬುದೇ ಅವನಿಗೆ ತಡೆಯಲಾರದ ಸಂಕಟವಾಯಿತು.

ಹೊಸ ಸಂಚಿಕೆ ಬಂದ ಸ್ವಲ್ಪ ದಿನಕ್ಕೆ ಬೀದಿಬೀದಿಯಲ್ಲಿ ಮಕ್ಕಳು ಕೈ ಕಟ್ಟಿ ನೆಗೆದು ಏಳತೊಡಗಿದರು. ಹಳೆಯದನ್ನು ಎಲ್ಲರೂ ಮರೆತೇಬಿಟ್ಟರು. ಅಲ್ಲಲ್ಲಿ ಒಂದೊಂದು ಮಗು ಮಾತ್ರ ಇನ್ನೂ ಮಂಡಿ ಹಿಡಿದು, ತೊಡೆ ಹತ್ತಿ ಏಳುತ್ತಿತ್ತು. ಟೀಚರುಗಳಿಗೆ ಅದು ಕಂಡಿತು, ಅಜ್ಜಿಯರಿಗೂ ಕಂಡಿತು. ಮೊಳಕಾಲ್ಮೂರಿನಿಂದ ನಾಲ್ಕು ವರ್ಷದ ಒಂದು ಮಗುವನ್ನು ಸಕಾಲಕ್ಕೆ ಕರೆತಂದರೆಂದು ಶಾಹಿನಾ ಫೋನ್ ಮಾಡಿದಾಗ, ಓಬಳೇಶ “ಒಳ್ಳೇದಾಯ್ತು ಮೇಡಂ” ಎಂದು ಹೇಳಿ ಫೋನ್ ಇಟ್ಟ.

ಆ ಸಂಚಿಕೆಯನ್ನು ಮಗನ ಕೈಗೆ ಸಿಗದಂತೆ ಅವನು ಎತ್ತಿಟ್ಟಿದ್ದ. ಆದರೆ ಊರಿನ ಮಕ್ಕಳಿಗೆಲ್ಲ ಸಿಕ್ಕಿದ್ದು ಇವನಿಗೆ ಸಿಗದೇ ಇರುತ್ತದೆಯೇ? ಒಂದು ಸಂಜೆ ಪಾಲಾಕ್ಷ ಅದನ್ನು ಮಡಿಲಲ್ಲಿ ಹರಡಿಕೊಂಡು ಹಜಾರದಲ್ಲಿ ಕುಳಿತಿದ್ದ. ಓಬಳೇಶ ಚಪ್ಪಲಿ ಬಿಟ್ಟು ಒಳಗೆ ಬಂದವನು ಹಾಗೆಯೇ ನಿಂತ.

“ಅಪ್ಪ, ಬಂಡೆರಾಯಂಗೆ ವಾಸಿ ಆಯ್ತಾ?”

ಓಬಳೇಶ ಅವನ ಪಕ್ಕ ಕುಳಿತ. “ಹೂಂ ಮಗಾ.”

“ನಂಗೆ ಆಗಲ್ಲ ಅಂದ್ರಲ್ಲ. ಅವನಿಗೆ ಹೆಂಗಾಯ್ತು?”

“ಅವನಿಗೆ… ಬೇಗ ತೋರಿಸಿದ್ರು.”

ಪಾಲಾಕ್ಷ ಆ ನಾಲ್ಕು ಚೌಕಗಳ ಮೇಲೆ ಬೆರಳಾಡಿಸಿದ. ಬಂಡೆರಾಯ ಕೈ ಕಟ್ಟಿಕೊಂಡು ಗಾಳಿಯಲ್ಲಿದ್ದ.

“ಅವನಿಗೆ ಅಪ್ಪ ಅಮ್ಮ ಯಾರೂ ಇಲ್ವಲ್ಲ. ಯಾರು ಕರ್ಕೊಂಡೋದ್ರು?”

ವಾರವಾರವೂ ಕಥೆ ಕಟ್ಟಿದವನಿಗೆ ಒಂದು ಸುಳ್ಳೂ ಹೊಳೆಯಲಿಲ್ಲ. ಒಳಗೆ ಇಂಚರ ನಲ್ಲಿ ನಿಲ್ಲಿಸಿದ ಸದ್ದು ಕೇಳಿಸಿತು.

“ನಾನು ಕರ್ಕೊಂಡೋದೆ ಅಂತ ಬರಿ,” ಎಂದ ಪಾಲಾಕ್ಷ. “ನಾನೇ ಕೈ ಹಿಡ್ಕೊಂಡು ಆಸ್ಪತ್ರೆಗೆ ಕರ್ಕೊಂಡೋಗಿದ್ದೆ ಅಂತ.”

“ಬರೀತೀನಿ ಮಗಾ.”

“ಆಸ್ಪತ್ರೆಗೆ ಮೆಟ್ಲು ಬರೀಬೇಡ ಆಯ್ತಾ?”