ಕಚ್ಚಿಟ್ಟ ರೊಟ್ಟಿ

"ಆ ಹಳೇ ರೊಟ್ಟೀನ ಮಾತ್ರ ಮುಟ್ಟಬೇಡ ಮಗಳೇ. ಗಂಟು ಬಿಚ್ಚಿದ್ರೆ ಹಸಿದೋನು ಬರ್ತಾನೆ."

ಹನೀಫಾ ಅಜ್ಜಿಯ ಮಾತನ್ನು ಹುಲ್ಕರ್ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಅಜ್ಜಿಯ ಮೊಮ್ಮಗನ ಹೆಂಡತಿ, ಸಮರ್ಖಂಡದಲ್ಲಿ ಓದಿದವಳು. ಮಾಟ-ಮಂತ್ರವೆಂದರೆ ಅವಳಿಗೆ ನಗು. "ಬರಲಿ ಬಿಡಿ ಅಜ್ಜಿ, ಪಲಾವ್ ಮಾಡಿ ಬಡಿಸ್ತೀನಿ," ಅಂದಳು. ಅಜ್ಜಿ ನಗಲಿಲ್ಲ.

ಗೋಡೆಯ ಮೇಲೆ ಎರಡು ಮೊಳೆ, ಎರಡು ರೊಟ್ಟಿ. ಯುದ್ಧಕ್ಕೆ ಹೊರಟವನು ಒಂದು ತುತ್ತು ಕಚ್ಚಿ ಹೋಗಬೇಕು, ಉಳಿದದ್ದನ್ನು ತಿನ್ನಲು ತಿರುಗಿ ಬರಬೇಕು. ಹೊಸ ರೊಟ್ಟಿ ಹುಲ್ಕರಳ ಗಂಡ ಬೋತಿರನದು. ಮದುವೆಯ ಮೆಹಂದಿ ಮಾಸುವ ಮೊದಲೇ ಅವನನ್ನು ಅಫ್ಘಾನ್ ಯುದ್ಧಕ್ಕೆ ಎಳೆದೊಯ್ದಿದ್ದರು. ಹಳೆಯದನ್ನು ಅವನ ಅಜ್ಜ, ಹನೀಫಾಳ ಗಂಡ ತುರ್ಸುನ್, ಜರ್ಮನ್ನರ ಯುದ್ಧಕ್ಕೆ ಹೋಗುವಾಗ ಕಚ್ಚಿದ್ದ. ಮುಂದಿನ ಹಲ್ಲೊಂದಿಲ್ಲದ ಬಾಯಿ. ಕಚ್ಚಿದ ಗುರುತಿನ ನಡುವೆ ರೊಟ್ಟಿಯ ಒಂದು ಎಳೆ ಹಾಗೇ ನಿಂತಿತ್ತು. ಸುತ್ತಲೂ ಕುದುರೆಕೂದಲಿನ ಗಂಟುಗಳು. ತುರ್ಸುನಜ್ಜ ತಿರುಗಿ ಬಂದು, ಸಂಸಾರ ಮಾಡಿ, ಮುದುಕನಾಗಿಯೇ ಸತ್ತಿದ್ದ. ಮತ್ತೆ ಆ ರೊಟ್ಟಿ ಯಾಕೆ ಉಳಿಯಿತು ಎಂದು ಕೇಳಿದರೆ ಅಜ್ಜಿ ಮಾತು ಮರೆಸುತ್ತಿದ್ದಳು.

ಚಳಿಗಾಲದ ಕೊನೆಗೆ ಹಳೇ ರೊಟ್ಟಿಯಿಂದ ಹುಳು ಉದುರತೊಡಗಿತು. ಒಂದು ಹುಳು ಬೋತಿರನ ರೊಟ್ಟಿಯತ್ತ ಹರಿಯುವುದನ್ನು ಕಂಡು ಹುಲ್ಕರ್ ಅದನ್ನು ಹೊಸಕಿ ಹಾಕಿದಳು. ಗಂಡನ ರೊಟ್ಟಿ ಕೆಟ್ಟರೆ ಅವನು ಬಂದಾನೆಯೇ? ಮಾಟವನ್ನು ನಂಬದವಳು ಇದನ್ನು ಮಾತ್ರ ನಂಬಿದ್ದಳು. ಅಜ್ಜಿ ನೆರೆಮನೆಗೆ ಹೋದ ಸಂಜೆ ಗಂಟುಗಳನ್ನು ಕತ್ತರಿಸಿದಳು. ರೊಟ್ಟಿ ಎಸೆಯುವುದು ಪಾಪ, ನೀರಲ್ಲಿ ನೆನೆಸಿ ಗುಬ್ಬಿಗಳಿಗಿಟ್ಟಳು. ಒಂದು ಗುಬ್ಬಿಯೂ ಇಳಿಯಲಿಲ್ಲ.

ಖಾಲಿ ಮೊಳೆ ನೋಡಿದ್ದೇ ಅಜ್ಜಿ ಬಾಗಿಲಿಗೆ ಅಗುಳಿ ಹಾಕಿದಳು.

"ತಿರುಗಿ ಬಂದೋನು ತುರ್ಸುನ್ ಅಲ್ಲ ಕಣೇ. ಅವನ ಹೆಸರು ಹೊತ್ತು ಬಂದ ಬೇರೆ ಯಾರೋ. ಗಡ್ಡ ಬೆಳೆದು ಮುಖ ಬತ್ತಿತ್ತು, ಆದ್ರೆ ಬಡಿಸಿದ ರೊಟ್ಟಿ ಕಚ್ಚಿದ ಮೊದಲ ತುತ್ತಿಗೇ ಗೊತ್ತಾಯ್ತು, ಬಾಯ್ತುಂಬ ಹಲ್ಲು. ಹೊಟ್ಟೆಗಿಲ್ಲದ ಕಾಲ, ಸುಮ್ಮನಾದೆ. ಯಾರಿಗೂ ತಿಳೀಬಾರದು ಅಂತ ಊರೇ ಬಿಟ್ಟು ಬಂದ್ವಿ. ತುರ್ಸುನನ ಪಾಲಿನ ರೊಟ್ಟಿ ಕಸ್ಕೊಂಡು ಅವನನ್ನ ಹಿಮದಲ್ಲಿ ಬಿಟ್ಟು ಬಂದೆ ಅಂತ ಈ ಬಂದೋನೇ ಸಾಯೋವಾಗ ಬಾಯಿಬಿಟ್ಟ. ಆದ್ರೆ ಹಿಮದಲ್ಲಿ ಸತ್ತ ತುರ್ಸುನ್ ಅದಕ್ಕೂ ಮುಂಚೆಯೇ ಹಸಿವು, ಹಸಿವು ಅಂತ ಬಾಗಿಲಿಗೆ ಬರ್ತಿದ್ದ. ಮಾಂತ್ರಿಕನ ಕೈಲಿ ಗಂಟು ಕಟ್ಟಿಸಿ ತಡೆದಿದ್ದೆ."

ದೀಪ ಆರಿತು.

ಒದ್ದೆ ಉಣ್ಣೆಯ ನಾತ. ಅದರ ಹಿಂದೆ ಸಿಡಿಮದ್ದಿನ ಘಾಟು. ಒಲೆಯ ಕೆಂಡ ಕಪ್ಪಾಯಿತು. ಹೊಸ್ತಿಲ ಮೇಲೆ ಹಿಮ ತುಳಿದ ಸದ್ದು. ಒಳಗೆ ಬಂತು. ಗೋಡೆಯ ಹತ್ತಿರ ನಿಂತಿತು. ಕಟಂ. ಒಣರೊಟ್ಟಿ ಅಗಿಯುವ ಸದ್ದು. ಮತ್ತೆ ಕಟಂ. ಅದು ಬೋತಿರನ ರೊಟ್ಟಿ. ಹುಲ್ಕರ್ ಕತ್ತಲಲ್ಲೇ ಹಾರಿದಳು. ಕೈಗೆ ಸಿಕ್ಕಿದ್ದು ಬರೀ ಮೊಳೆ.

ವಸಂತ ಕಾಲಿಡುತ್ತಿದ್ದಂತೆ ಬೋತಿರ್ ಬಂದ. ಅದೇ ಮುಖ, ಅದೇ ಕೆನ್ನೆಯ ಮಚ್ಚೆ, ಮೈಮೇಲೆ ಒಂದು ಗಾಯವಿಲ್ಲ. ಹುಲ್ಕರ್ ಅತ್ತಳು, ನಕ್ಕಳು, ತನ್ನ ಭಯಕ್ಕೆ ತಾನೇ ನಾಚಿದಳು. ತಂದೂರಿ ಒಲೆಯಿಂದ ಬಿಸಿ ರೊಟ್ಟಿ ತೆಗೆದು ಮುಂದಿಟ್ಟಳು. ಅವನು ಕಚ್ಚಿ ಕೆಳಗಿಟ್ಟ. ಬಾಯಲ್ಲಿ ಹಲ್ಲೆಲ್ಲ ಸಾಲಾಗಿದ್ದವು. ಆದರೂ ರೊಟ್ಟಿಯ ಮೇಲೆ, ಕಚ್ಚಿದ ಗುರುತಿನ ನಡುವೆ, ಒಂದು ಎಳೆ ಹಾಗೇ ನಿಂತಿತ್ತು.

"ಬೋತಿರ್ ಎಲ್ಲಿ?" ಹುಲ್ಕರ್ ಕೇಳಿದಳು.

"ನಾನಿದ್ದ ಕಡೆ ಇದ್ದಾನೆ," ಅಂದ. "ಹಸಿದಿದ್ದಾನೆ."

ಆಮೇಲೆ ಅಜ್ಜಿಯ ಕಡೆ ತಿರುಗಿ, ಗಂಡ ಹೆಂಡತಿಯನ್ನು ಕರೆಯುವ ಹಾಗೆ ಕರೆದ: "ಹನೀಫಾ, ಇನ್ನೊಂದು ಬಡಿಸು."

ಅಜ್ಜಿ ಎದ್ದು ತಂದೂರಿ ಒಲೆಯತ್ತ ನಡೆದಳು.