ಒಂದೇ ಪ್ಲಗ್ಗಿನ ಮನೆ

"ಒತ್ತಬೇಡ ಕಣೇ! ಹೋಗಲ್ಲ ಅಂದ್ರೆ ಹೋಗಲ್ಲ. ಅದೇನು ಚೀಲಾನಾ, ಮಂಡಿ ಕೊಟ್ಟು ತುರುಕೋಕೆ?"

ಮಾಮ ಕೂಗಿದ್ದೇ ತಡ, ಸ್ಕ್ರೂ ಎಂಬ ಹುಡುಗಿ ಕೈ ಹಿಂದಕ್ಕೆ ತೆಗೆದಳು. ಅವಳ ಬೆರಳುಗಳ ನಡುವೆ ಹಸಿರು ಪಟ್ಟಿಯಂಥ ಕಂಪ್ಯೂಟರ್ ಮೆಮೊರಿ, ಅಂದರೆ ರ‍್ಯಾಮ್ ಇತ್ತು.

"ಅದರ ಅಡಿಯಲ್ಲಿ ಕಚ್ಚು ಇದೆ ನೋಡು. ಬೋರ್ಡಿನ ಈ ಸಂದಿಯೊಳಗೆ ಚಿಕ್ಕ ಗೂಟ ಇದೆ. ಎರಡೂ ಎದುರುಬದುರಾದ್ರೆ ಮಾತ್ರ ಜೋಡಿ. ಬೇರೆ ಹುಡುಕು."

ಜೇಬಲ್ಲಿ ಸದಾ ಸ್ಕ್ರೂಗಳು ಕಿಣಿಕಿಣಿ ಅನ್ನುತ್ತಿದ್ದುದರಿಂದ ಅವಳಿಗೆ ಆ ಹೆಸರು. ಮಾಮ ಅಂದರೆ ಅಮ್ಮನ ತಮ್ಮ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಆಫೀಸುಗಳು ಬಿಸಾಡಿದ ಭಾಗಗಳೆಲ್ಲ ಅಲ್ಲಿ ಡಬ್ಬಗಳಲ್ಲಿ ತುಂಬಿದ್ದವು. "ನಿನಗೆ ಬೇಕಾದ್ದು ಆರಿಸ್ಕೋ, ಜೋಡಿಸೋಣ" ಎಂದು ಅವನು ಮಾತು ಕೊಟ್ಟಿದ್ದ.

ಸ್ಕ್ರೂಗೆ ಬೇಕಾಗಿದ್ದು ಒಂದೇ: ಊರು ಕಟ್ಟುವ ಆಟ. ಬೆಂಚಿನ ಗೆಳತಿಯ ಮನೆಯಲ್ಲಿ ಅದನ್ನು ನೋಡಿದ್ದಳು. ನೋಡಿದ್ದಳು, ಅಷ್ಟೇ. "ನಿನ್ನ ಟರ್ನ್ ಆಮೇಲೆ" ಎಂದು ಗೆಳತಿ ಹೇಳುತ್ತಿದ್ದಳು. ಆ ಆಮೇಲೆ ಬರಲೇ ಇಲ್ಲ. ಶಾಲೆಯಲ್ಲೂ ಕಂಪ್ಯೂಟರ್‌ಗಳಿದ್ದವು. ಅವಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದುದು ಆ ಕೋಣೆಯ ಬೀಗ.

ಅವಳು ಡಬ್ಬದ ತಳದಿಂದ ಚಿತ್ರ ತೋರಿಸುವ ಒಂದು ಭಾರೀ ಗ್ರಾಫಿಕ್ಸ್ ಕಾರ್ಡ್ ಎಳೆದಳು. ಅದರ ಮೇಲೆ ಎರಡು ಫ್ಯಾನ್.

"ಇದು! ಇದನ್ನ ಹಾಕಿದ್ರೆ ಕೆರೆ ನೀರು ಪಳಪಳ ಹೊಳೆಯುತ್ತೆ ಮಾಮ."

"ಹೊಳೆಯುತ್ತೆ. ಆದ್ರೆ ಕರೆಂಟು ಕುಡಿಯುತ್ತೆ, ಬಾಯಾರಿದ ಎಮ್ಮೆ ಥರ."

"ಕುಡೀಲಿ. ಮಾನಿಟರೂ ಆ ದಪ್ಪದ್ದೇ ಇರ್ಲಿ."

"ಡಬ್ಬಾ ಮಾನಿಟರ್ರಾ? ಅದು ಇನ್ನೊಂದು ಎಮ್ಮೆ ಕಣೇ!" ಮಾಮ ತಲೆ ಚಚ್ಚಿಕೊಂಡ. ಆದರೂ ಅವಳ ಮುಖ ನೋಡಿ ಸ್ಕ್ರೂಡ್ರೈವರ್ ಎತ್ತಿಕೊಂಡ.

ಭಾನುವಾರ ಸಂಜೆ ಎಲ್ಲವೂ ಮನೆಗೆ ಬಂತು. ಮನೆ ಅಂದರೆ ಬಾಡಿಗೆ ಕೋಣೆಗಳ ಸಾಲಿನಲ್ಲಿ ಒಂದು ಕೋಣೆ. ಕಿಟಕಿ ಪಕ್ಕ ಅಮ್ಮನ ಕರೆಂಟಿನ ಹೊಲಿಗೆ ಮಷಿನ್. ಗೋಡೆಯಲ್ಲಿ ಒಂದೇ ಒಂದು ಪ್ಲಗ್ಗು. ಕಚ್ಚು, ಗೂಟ, ಫ್ಯಾನು ಎಲ್ಲ ಲೆಕ್ಕ ಹಾಕಿದ್ದ ಸ್ಕ್ರೂ ಇದೊಂದನ್ನು ಮಾತ್ರ ಮರೆತಿದ್ದಳು.

"ಅದಕ್ಕೇನು? ಎಕ್ಸ್‌ಟೆನ್ಷನ್ ಬಾಕ್ಸ್ ಇದೆಯಲ್ಲ" ಅಂದಳು. ಅಮ್ಮ ಶರ್ಟಿನ ತೋಳು ಹೊಲಿಯುತ್ತಲೇ ಹೂಂ ಎಂದು ತಲೆಯಾಡಿಸಿದಳು. ಸ್ಕ್ರೂ ಸ್ವಿಚ್ ಒತ್ತಿದಳು.

ಎರಡು ಫ್ಯಾನೂ ಭುರ್ರೆಂದವು. ಪರದೆ ಬೆಳ್ಳಗಾಯಿತು. ಮರುಕ್ಷಣ ಟಪ್! ಕೋಣೆಯೆಲ್ಲ ಕತ್ತಲು.

"ಯಾರದು ಫ್ಯೂಸು ತೆಗೆದಿದ್ದು?" ಎದುರು ಮಹಡಿಯ ಮನೆಯಿಂದ ಯಜಮಾನರ ದನಿ ಇಳಿಯಿತು. "ಬಾಡಿಗೆಗೆ ಕೊಟ್ಟಿದ್ದು ರೂಮು. ಪವರ್ ಹೌಸ್ ಅಲ್ಲ!"

ಒಂದೊಂದು ಕೋಣೆಗೂ ಕೂದಲಿನಷ್ಟು ತೆಳು ಫ್ಯೂಸ್ ತಂತಿ ಹಾಕಿಸಿದ್ದವರು ಅವರೇ. ಮೇಲೆ ಅವರ ಕಿಟಕಿಯಲ್ಲಿ ಮೀನಿನ ತೊಟ್ಟಿ ನೀಲಿಯಾಗಿ ಬೆಳಗುತ್ತಿತ್ತು. ಅಲ್ಲಿ ಮೀನಿಗೂ ಒಂದು ಪ್ಲಗ್ಗಿತ್ತು.

ಅಮ್ಮ ಕತ್ತಲಲ್ಲಿ ತಡಕಾಡಿ ಸೂಜಿ ಎತ್ತಿದಳು. ಅರ್ಧ ಹೊಲಿದ ತೋಳು ಅದರಲ್ಲಿ ಸಿಕ್ಕಿಕೊಂಡಿತ್ತು. "ಎರಡೂ ಒಟ್ಟಿಗೆ ಆಗಲ್ಲ ಪುಟ್ಟಾ. ಮಷಿನ್ ನಿಂತಾಗ ಹಾಕ್ಕೋ" ಎಂದಳು.

ಮಷಿನ್ ನಿಲ್ಲುವುದೆಂದು? ಸ್ಕ್ರೂ ಹಲ್ಲುಜ್ಜುವಾಗ ಅದು ಶುರುವಾಗಿರುತ್ತಿತ್ತು. ಶಾಲೆಯಿಂದ ಬಂದಾಗ ಬೀದಿ ತುದಿಗೇ ಕೇಳುತ್ತಿತ್ತು. ಅವಳು ನಿದ್ದೆಹೋಗುವಾಗಲೂ ಟರ್ರ್, ಟರ್ರ್. ಸಾಲುಮನೆಯ ಹೆಂಗಸರೆಲ್ಲ ಹೊಲಿಯುವವರೇ. ಸೈಕಲ್ಲಿನಲ್ಲಿ ಬಟ್ಟೆಗಂಟು ತರುವವನಿಗೆ 'ಗಂಟಣ್ಣ' ಎಂದೇ ಹೆಸರು. ಅವನು ಗಂಟು ಇಳಿಸುವುದಕ್ಕೂ ಮುಖ ಗಂಟಿಕ್ಕುವುದಕ್ಕೂ ಹೊತ್ತು ಗೊತ್ತು ಇರಲಿಲ್ಲ.

ಸ್ಕ್ರೂ ದಿನಾ ಸಂಜೆ ಮಾನಿಟರಿಗೆ ಹೊದಿಸಿದ್ದ ಟವೆಲ್ ಸರಿಸಿ ಕಪ್ಪು ಪರದೆಯ ಮುಂದೆ ಕೂರುತ್ತಿದ್ದಳು. ಸತ್ತ ಕೀಬೋರ್ಡಿನ ಮೇಲೆ ಬೆರಳಾಡಿಸುತ್ತಿದ್ದಳು. ಇಲ್ಲಿ ಸೇತುವೆ. ಇಲ್ಲಿ ಕೆರೆ. ಪರದೆಯಲ್ಲಿ ಕಾಣುತ್ತಿದ್ದುದು ಅವಳ ಮುಖ, ಹಿಂದೆ ಬಗ್ಗಿದ ಅಮ್ಮನ ಬೆನ್ನು.

"ನಿಂತು ಹೋಗ್ಲಿ" ಎಂದು ಒಮ್ಮೆ ಅವಳ ಬಾಯಿಂದ ಬಂದೇಬಿಟ್ಟಿತು. "ಈ ಮಷಿನ್ ಒಂದ್ಸಲ ನಿಂತು ಹೋಗ್ಲಿ ದೇವ್ರೇ!"

ಅಮ್ಮನಿಗೆ ಕೇಳಿಸಿತೋ ಇಲ್ಲವೋ. ಕೇಳಿಸಿಕೊಳ್ಳಲು ಆ ಸದ್ದು ಬಿಡಬೇಕಲ್ಲ.

ಒಂದು ಮಧ್ಯಾಹ್ನ ಬೀದಿ ತುದಿಗೆ ಬಂದಾಗ ಸ್ಕ್ರೂ ನಿಂತುಬಿಟ್ಟಳು. ಸದ್ದಿಲ್ಲ. ಒಂದು ಮನೆಯದೂ ಇಲ್ಲ. ಹೆಂಗಸರೆಲ್ಲ ಹೊಸ್ತಿಲ ಮೇಲೆ ಕೂತಿದ್ದರು. ಗಂಟಣ್ಣನ ಸೈಕಲ್ ನಡುಬೀದಿಯಲ್ಲಿತ್ತು, ಹೇರಿದ ಗಂಟು ಹೇರಿದಂತೆಯೇ.

"ಇದೇ ಕೊನೇ ಸಲ ಕೇಳ್ತಿದೀನಿ. ಇಳಿಸ್ಲೋ ಬೇಡ್ವೋ?" ಗಂಟಣ್ಣ ಗದರಿದ.

"ಒಂದು ತೋಳಿಗೆ ಕೊಡೋ ಕೂಲಿ ಹೆಚ್ಚು ಮಾಡು, ಆಮೇಲೆ ಇಳಿಸು" ಅಂದಳು ಅಮ್ಮ.

"ಕೈಗೆ ಬಂದ ಕೆಲಸ ಒದೀತೀರಾ? ಹೊಟ್ಟೆಗೇನು ಮಾಡ್ತೀರಿ?"

"ದಾರ ಕಚ್ಚಿ ಕಚ್ಚಿ ನನ್ನ ಹಲ್ಲೇ ಸವೆದುಹೋಗಿದೆ" ಎಂದಳು ಪಕ್ಕದ ಮನೆಯ ಅಜ್ಜಿ. "ಹಲ್ಲಿಲ್ಲದವಳಿಗೆ ಹೊಟ್ಟೆ ತೋರಿಸಿ ಹೆದರಿಸ್ತೀಯೇನೋ?"

ಬೀದಿಯೆಲ್ಲ ನಕ್ಕಿತು. ಗಂಟಣ್ಣ ಸೈಕಲ್ ತಿರುಗಿಸಿದ.

ಒಳಗೆ ಬಂದು ಅಮ್ಮ ಮಷಿನ್ನಿನ ಪ್ಲಗ್ಗು ಕಿತ್ತು ಸ್ಕ್ರೂ ಕೈಗಿಟ್ಟಳು. "ಹಾಕ್ಕೋ ನಿಂದು."

ಅಬ್ಬಾ! ಫ್ಯಾನುಗಳು ಭುರ್ರೆಂದವು. ಫ್ಯೂಸು ಹೋಗಲಿಲ್ಲ. ಸ್ಕ್ರೂ ಸೇತುವೆ ಕಟ್ಟಿದಳು, ಕೆರೆ ತೋಡಿದಳು. ನೀರು ಪಳಪಳ ಹೊಳೆಯಿತು. ಮರುದಿನ ಸಾಲಾಗಿ ಮನೆ ಕಟ್ಟಿ ಎಲ್ಲಕ್ಕೂ ದೀಪ ಹಾಕಿದಳು.

"ನೋಡಮ್ಮ!" ಎಂದು ತಿರುಗಿದಳು.

ಅಮ್ಮ ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದಳು. ಕೈ ಮಡಿಲಲ್ಲಿತ್ತು. ಬಲಗಾಲು ಮಾತ್ರ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು. ಅಲ್ಲಿ ಪೆಡಲ್ ಇರಲಿಲ್ಲ.

"ಚೆನ್ನಾಗಿದೆ ಪುಟ್ಟಾ" ಎಂದಳು.

ಆ ರಾತ್ರಿ ಊಟಕ್ಕೆ ಅಮ್ಮ "ನನಗೆ ಹಸಿವಿಲ್ಲ" ಅಂದಳು. ಮರುದಿನವೂ ಅದೇ ಅಂದಳು. ಹಾಸಿಗೆಯಲ್ಲಿ ಸ್ಕ್ರೂಗೆ ನಿದ್ದೆ ಹತ್ತಲಿಲ್ಲ. ಏನೋ ಕಮ್ಮಿಯಾಗಿತ್ತು. ಸದ್ದು, ಅದೇ ಟರ್ರ್ ಸದ್ದು. ನಿಂತು ಹೋಗಲಿ ಎಂದವಳು ತಾನೇ ಅಲ್ಲವೇ? ಅವಳು ದಿಂಬಿಗೆ ಕಿವಿಯಿಟ್ಟು ಬೀದಿಯ ಕಡೆಗೇ ಆಲಿಸಿದಳು. ಸೈಕಲ್ ಬರುತ್ತದೇನೋ ಎಂದು.

ಸೈಕಲ್ ಶನಿವಾರ ಬಂತು. ಶಾಲೆಯಿಂದ ಬರುತ್ತಿದ್ದ ಸ್ಕ್ರೂಗೆ ಬೀದಿ ತುದಿಯಲ್ಲೇ ಕೇಳಿಸಿತು: ಟರ್ರ್, ಟರ್ರ್, ಟರ್ರ್. ಒಂದಲ್ಲ, ಸಾಲಿಗೆ ಸಾಲು! ಬ್ಯಾಗು ಬೆನ್ನಿಗೆ ಬಡಿಯುವಂತೆ ಓಡಿದಳು.

"ಕೊಟ್ರಾಮ್ಮಾ?"

"ಕೇಳಿದ್ದರಲ್ಲಿ ಅರ್ಧ ಕೊಟ್ರು. ಉಳಿದದ್ದಕ್ಕೆ ಇನ್ನೊಂದ್ಸಲ ಹೊಸ್ತಿಲ ಮೇಲೆ ಕೂರ್ತೀವಿ" ಎಂದು ಅಮ್ಮ ನಕ್ಕಳು. ಕಾಲು ಪೆಡಲ್ ಮೇಲಿತ್ತು. "ಬೇಜಾರಾ? ಊಟ ಆದ್ಮೇಲೆ ನಿಲ್ಲಿಸ್ತೀನಿ, ನೀನು ಆಡು."

ಸ್ಕ್ರೂ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿದಳು. ಎರಡು ಫ್ಯಾನಿನ ಕಾರ್ಡನ್ನು ಮೆಲ್ಲಗೆ ಎಳೆದು ಫ್ರಾಕಿನಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದಳು.

"ಕೆಟ್ಟೋಯ್ತಾ?" ಮಾಮ ಕೇಳಿದ.

"ಇಲ್ಲ. ಚೆನ್ನಾಗಿದೆ. ತುಂಬಾ ಚೆನ್ನಾಗಿದೆ." ಅವಳು ಕಾರ್ಡನ್ನು ಕೂಡಲೇ ಕೆಳಗಿಡಲಿಲ್ಲ. "ಕಮ್ಮಿ ಕುಡಿಯೋದು ಯಾವುದಿದೆ ಮಾಮ? ಅಮ್ಮನ ಮಷಿನ್ ಜೊತೆ ಓಡಬೇಕು."

ಮಾಮ ಅವಳನ್ನೇ ನೋಡಿದ. "ಕಾರ್ಡ್ ಇಲ್ದೇನೂ ಬೋರ್ಡೇ ಚಿತ್ರ ತೋರಿಸುತ್ತೆ. ಆದ್ರೆ ನೀರು ಹೊಳೆಯಲ್ಲ."

"ಗೊತ್ತು."

ಡಬ್ಬಾ ಮಾನಿಟರನ್ನೂ ಹಿಂದೆ ಕೊಡುವುದೆಂದಾಯಿತು. ಅದರ ಬದಲು ಅವಳು ಚಿಕ್ಕ ತೆಳು ಪರದೆ ಆರಿಸಿದಳು. ಅದರ ಬಲ ಅಂಚಿನಲ್ಲಿ ಉದ್ದಕ್ಕೂ ಒಂದು ಹಸಿರು ಗೆರೆ.

ಸಂಜೆ ಬಾಕ್ಸಿಗೆ ಎರಡೂ ಪ್ಲಗ್ಗು ಹಾಕಿ ಅವಳು ಸ್ವಿಚ್ಚಿನ ಮೇಲೆ ಬೆರಳಿಟ್ಟಳು. "ಅಮ್ಮಾ, ಹೊಲಿ. ನಿಲ್ಲಿಸ್ಬೇಡ. ಹಾಕ್ಲಾ?"

"ಹಾಕು."

ಬಲ್ಬು ಒಮ್ಮೆ ಮಂಕಾಯಿತು. ಇಬ್ಬರೂ ಉಸಿರು ಬಿಗಿಹಿಡಿದು ಅದನ್ನೇ ನೋಡಿದರು. ಬಲ್ಬು ಆರಲಿಲ್ಲ. ಮಷಿನ್ ಟರ್ರೆಂದಿತು, ಪರದೆ ಬೆಳ್ಳಗಾಯಿತು. ಅವಳ ಊರು ತಡವರಿಸುತ್ತಾ ಎದ್ದುಬಂತು. ಕೆರೆ ಬರೀ ನೀಲಿ ಬಣ್ಣದ ಚೌಕ.

ಮೇಲೆ ಮೀನಿನ ತೊಟ್ಟಿ ಎಂದಿನಂತೆ ಬೆಳಗುತ್ತಿತ್ತು. ಸ್ಕ್ರೂ ಅದನ್ನು ಕಿಟಕಿಯಿಂದ ತುಂಬ ಹೊತ್ತು ನೋಡಿದಳು.

"ಅಮ್ಮಾ, ಫ್ಯೂಸಿಗೆ ದಪ್ಪ ತಂತಿ ಹಾಕಿ ಅಂತ ಯಜಮಾನರನ್ನ ಎಲ್ಲರೂ ಒಟ್ಟಿಗೆ ಕೇಳಿದ್ರೆ?"

ಅಮ್ಮನ ಕಾಲು ಒಂದು ಕ್ಷಣ ಪೆಡಲ್ ಮೇಲೆ ನಿಂತಿತು. ಆಮೇಲೆ ಮತ್ತೆ ಒತ್ತಿತು. "ಅಜ್ಜಿಗೆ ಹೇಳ್ತೀನಿ" ಎಂದಳು.

ದೊಡ್ಡ ಕಾರ್ಡ್ ಇದ್ದ ಸಂದಿ ಖಾಲಿಯಾಗಿತ್ತು. ಸ್ಕ್ರೂ ಅದರ ಧೂಳು ಊದಿದಳು. ಕಾರ್ಡನ್ನು ಹಿಡಿದಿದ್ದ ಎರಡು ಸ್ಕ್ರೂಗಳನ್ನು ಮಾತ್ರ ಉಳಿದವುಗಳ ಜೊತೆ ಜೇಬಿಗೆ ಹಾಕಲಿಲ್ಲ. ಬೇರೆಯಾಗಿ ಕಾಗದದಲ್ಲಿ ಸುತ್ತಿ ಕಂಪಾಸ್ ಬಾಕ್ಸಿನಲ್ಲಿಟ್ಟಳು.